ಗೂಡು ಖಾಲಿ ಇದ್ದರೆ ಮರ ಕಡಿಯಬಹುದೇ?

ಮಾರ್ಚ್ ಮುಗಿಯುವ ಹೊತ್ತಿಗೆ ಊರೂರಿನಲ್ಲಿ ಮರದ ಕೊಂಬೆ ಕಡಿಯುವ ಕೆಲಸ ಶುರುವಾಗುತ್ತದೆ. ಮೊದಲ ಮಳೆಗೆ ಕೊಂಬೆ ಮುರಿದು ಕರೆಂಟ್ ತಂತಿ ಮೇಲೆ, ಕಾರಿನ ಮೇಲೆ, ಮನುಷ್ಯರ ಮೇಲೆ ಬೀಳಬಾರದು ಎಂಬುದು ಕಾರಣ. ಅದರ ಬೆನ್ನಿಗೇ ಇನ್ನೊಂದು ಬಗೆಯ ಸುದ್ದಿ ಬರುತ್ತದೆ. ಕೊಂಬೆಯ ಜೊತೆ ಗೂಡು ಬಿತ್ತು, ಮರಿಗಳು ಸತ್ತವು, ದೂರು ಕೊಟ್ಟರು. ರಸ್ತೆ ಅಗಲ ಮಾಡುವ ಕಡೆಯಲ್ಲೂ ಇದೇ ಜಗಳ.

ಓದುವವರಿಗೆ ಗೊಂದಲ ಆಗುವುದು ಸಹಜ. ಒಬ್ಬರು "ಗೂಡು ಮುಟ್ಟಿದರೂ ಜೈಲು" ಎನ್ನುತ್ತಾರೆ. ಇನ್ನೊಬ್ಬರು "ಮರ ಕಡಿಯಲು ಅನುಮತಿ ಇದೆ, ಗೂಡು ಖಾಲಿ ಇತ್ತು" ಎನ್ನುತ್ತಾರೆ. ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದರೆ ಜನ ಸುಮ್ನೆ ಗುಡಿಸಿ ಹಾಕುತ್ತಾರೆ, ಯಾರೂ ಕೇಳುವುದಿಲ್ಲ. ಇದರಲ್ಲಿ ಯಾವುದು ಸರಿ?

2022ರ ಸೆಪ್ಟೆಂಬರ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ನಡೆದದ್ದು ಈ ಗೊಂದಲದ ದೊಡ್ಡ ಉದಾಹರಣೆ. ನಮ್ಮ ಮಂಗಳೂರು, ಕಾರವಾರದ ಮೂಲಕವೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ನ್ನು ಅಲ್ಲಿ ಅಗಲ ಮಾಡುತ್ತಿದ್ದರು. ನೀರುಹಕ್ಕಿಗಳು ಗೂಡು ಕಟ್ಟಿದ್ದ ಮರವನ್ನು ಹಾಗೇ ಉರುಳಿಸಿದರು. ಇನ್ನೂ ಹಾರಲು ಬಾರದ ಮರಿಗಳು ರಸ್ತೆಗೆ ಬಿದ್ದು ಸತ್ತವು. ಅದರ ವಿಡಿಯೋ ದೇಶವೆಲ್ಲ ಹರಿದಾಡಿತು. ವನ್ಯಜೀವಿ ಕಾಯ್ದೆಯಡಿ ಕೇಸೂ ಆಯಿತು.

ಆ ವಿಡಿಯೋ ನೋಡಿದ ಯಾರಿಗಾದರೂ ಮೊದಲು ಅನಿಸುವುದು, ಇನ್ನೊಂದಿಷ್ಟು ವಾರ ಕಾಯಬಹುದಿತ್ತಲ್ವಾ ಎಂದು. ಕಾಯಲೇಬೇಕಿತ್ತು. ಆದರೆ ಕಾದು, ಮರಿಗಳೆಲ್ಲ ಹಾರಿಹೋದ ಮೇಲೆ ಅದೇ ಮರ ಕಡಿದಿದ್ದರೆ ಹಕ್ಕಿಗಳಿಗೆ ಏನೂ ನಷ್ಟ ಆಗುತ್ತಿರಲಿಲ್ಲವೇ? ಇದಕ್ಕೆ ಒಂದೇ ಉತ್ತರ ಇಲ್ಲ. ಕೆಲವು ಹಕ್ಕಿಗಳಿಗೆ ಖಾಲಿ ಗೂಡು ಬರೀ ಕಸ. ಇನ್ನು ಕೆಲವಕ್ಕೆ ಅದು ಮುಂದಿನ ವರ್ಷದ ಸಂಸಾರ. ಯಾವ ಹಕ್ಕಿ ಯಾವ ಗುಂಪಿಗೆ ಸೇರುತ್ತದೆ ಎಂದು ನೋಡದೆ ಹಾಕಿದ ನಿಯಮ ಒಂದು ಕಡೆ ಬಿಗಿಯಾಗುತ್ತದೆ, ಇನ್ನೊಂದು ಕಡೆ ಸಡಿಲವಾಗುತ್ತದೆ.

ಗೂಡು ಹಕ್ಕಿಯ ಮನೆಯೇ?

ನಾವು ಗೂಡನ್ನು ಮನೆ ಎಂದೇ ಭಾವಿಸಿದ್ದೇವೆ. ಸಂಜೆ ಹಕ್ಕಿಗಳು ಗೂಡು ಸೇರುತ್ತವೆ ಎನ್ನುತ್ತೇವೆ. ನಿಜವಾಗಿ ಬಹುಪಾಲು ಹಕ್ಕಿಗಳು ಗೂಡಿನಲ್ಲಿ ವಾಸ ಮಾಡುವುದಿಲ್ಲ. ಮೊಟ್ಟೆಗೆ ಕಾವು ಕೊಡಲು, ಮರಿ ಬೆಳೆಸಲು ಮಾತ್ರ ಗೂಡು ಬೇಕು. ಸಂಜೆ ಗುಂಪುಗುಂಪಾಗಿ ಹಾರುವ ಗೊರವಂಕ, ಕಾಗೆ, ಬೆಳ್ಳಕ್ಕಿಗಳು ಹೋಗಿ ಕೂರುವುದು ಯಾವುದೋ ಮರದ ಕೊಂಬೆಯ ಮೇಲೆ. ಮರಿ ಹಾರಿದ ಮೇಲೆ ಗೂಡಿನ ಕೆಲಸ ಮುಗಿಯಿತು.

ಇದಕ್ಕೂ ಹೊರತಾದವು ಇವೆ. ಕುಟ್ರ ಹಕ್ಕಿ (ಬಾರ್ಬೆಟ್), ಮರಕುಟಿಗಗಳು ತಾವು ಕೊರೆದ ಪೊಟರೆಯಲ್ಲಿ ರಾತ್ರಿ ಮಲಗುತ್ತವೆ. ಗುಬ್ಬಚ್ಚಿಯೂ ಎಷ್ಟೋ ಸಲ ತನ್ನ ಗೂಡಿನಲ್ಲೇ ರಾತ್ರಿ ಕಳೆಯುತ್ತದೆ. ಇಂಥವಕ್ಕೆ ಗೂಡು ವರ್ಷವಿಡೀ ಬೇಕು.

ಹಾಗಾದರೆ ಇಷ್ಟು ಕಷ್ಟಪಟ್ಟು ಕಟ್ಟುವುದು ಯಾಕೆ? ಹಕ್ಕಿಯ ಮೊಟ್ಟೆ ಒಂದೇ ಹದದ ಬಿಸಿಯಲ್ಲಿ ಇರಬೇಕು. ಬಿಸಿಲು ಬಿದ್ದರೆ ಬೇಯುತ್ತದೆ, ತಣ್ಣಗಾದರೆ ಒಳಗಿನ ಜೀವ ಸಾಯುತ್ತದೆ. ಮೊಟ್ಟೆ ಓಡಿಹೋಗಲಾರದು, ಮರಿಯೂ ಮೊದಲ ವಾರಗಳಲ್ಲಿ ಎಲ್ಲಿಗೂ ಹೋಗಲಾರದು. ಹಾವು, ಕಾಗೆ, ಬೆಕ್ಕು, ಅಳಿಲು ಎಲ್ಲವೂ ಹುಡುಕುತ್ತಿರುತ್ತವೆ. ಹಕ್ಕಿಯ ಬದುಕಿನಲ್ಲೇ ಅತಿ ಅಪಾಯದ ದಿನಗಳಿವು. ಗೂಡಿನ ಆಕಾರ, ಎತ್ತರ, ಜಾಗ ಎಲ್ಲವೂ ಈ ದಿನಗಳನ್ನು ದಾಟಿಸಲು ಹೊಂದಿಕೊಂಡು ಬಂದಿವೆ.

ಗೀಜಗ ಕಲಿಸುವ ಪಾಠ

ಗೀಜಗನ ಗೂಡನ್ನು ನೋಡದ ಹಳ್ಳಿಯವರಿಲ್ಲ. ಈಚಲು, ತೆಂಗು, ಜಾಲಿ ಮರಗಳಿಂದ, ಬಾವಿಯ ಮೇಲೆ ಬಾಗಿದ ಕೊಂಬೆಗಳಿಂದ ಇಳಿಬಿದ್ದಿರುತ್ತವೆ. ಕಟ್ಟುವುದು ಗಂಡು. ಭತ್ತ, ಕಬ್ಬು, ಹುಲ್ಲು, ತಾಳೆಗರಿಯಿಂದ ಉದ್ದುದ್ದ ಎಳೆ ಸೀಳಿ ತರುತ್ತದೆ. ಮೊದಲು ಕೊಂಬೆಗೆ ಎಳೆ ಸುತ್ತಿ ಗಂಟು ಹಾಕುತ್ತದೆ. ಆಮೇಲೆ ಒಂದು ಬಳೆ, ಆಮೇಲೆ ಮೇಲಿನ ಗುಮ್ಮಟ. ಅರ್ಧ ಆದ ಹಂತದಲ್ಲಿ ಕೆಲಸ ನಿಲ್ಲಿಸುತ್ತದೆ. ರೆಕ್ಕೆ ಬಡಿದು ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ನೋಡಿ ಒಪ್ಪಿದರೆ ಮಾತ್ರ ಮೊಟ್ಟೆ ಇಡುವ ಜಾಗ ಮತ್ತು ಕೆಳಗಿನ ಉದ್ದ ಕೊಳವೆ ಪೂರ್ತಿಯಾಗುತ್ತದೆ. ಒಪ್ಪದಿದ್ದರೆ ಗಂಡು ಅದನ್ನು ಅಲ್ಲಿಗೇ ಬಿಟ್ಟು ಇನ್ನೊಂದು ಶುರು ಮಾಡುತ್ತದೆ. ಮರದ ಕೆಳಗೆ ಬಿದ್ದ ಅರೆಬರೆ ಗೂಡುಗಳ ಕಥೆ ಇದು.

ಹೆಣ್ಣು ನೋಡುವುದು ನೇಯ್ಗೆಯ ಅಂದವನ್ನು ಎಂದು ಎಷ್ಟೋ ಜನ ನಂಬಿದ್ದಾರೆ. ಭಾರತದಲ್ಲೇ ನಡೆದ ಅಧ್ಯಯನ ಬೇರೆಯದನ್ನೇ ತೋರಿಸಿದೆ. ಕಟ್ಟಡಕ್ಕಿಂತ ಜಾಗಕ್ಕೆ ಹೆಣ್ಣು ಜಾಸ್ತಿ ಬೆಲೆ ಕೊಡುತ್ತದೆ. ಗೂಡು ಎಷ್ಟು ಎತ್ತರದಲ್ಲಿದೆ, ಕೊಂಬೆ ಎಷ್ಟು ಸಣ್ಣ, ಮರಕ್ಕೆ ಮುಳ್ಳಿದೆಯೇ ಎಂಬುದು ಮುಖ್ಯ. ಕಾರಣ ಸರಳ. ಎಷ್ಟೇ ಚೆನ್ನಾಗಿ ನೇಯ್ದರೂ ಹಾವು ಬರುವ ಕೊಂಬೆಯಲ್ಲಿದ್ದರೆ ಮರಿ ಉಳಿಯುವುದಿಲ್ಲ. ಒಳ್ಳೆ ಜಾಗದಲ್ಲಿ ಸಾಧಾರಣ ಗೂಡೂ ನಡೆಯುತ್ತದೆ.

ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಗೀಜಗ ಹಳೆ ಗೂಡಿಗೆ ಸಾಮಾನ್ಯವಾಗಿ ವಾಪಸು ಹೋಗುವುದಿಲ್ಲ, ಪ್ರತಿ ಸಲ ಹೊಸದು ಕಟ್ಟುತ್ತದೆ. ಆದರೆ ಅದೇ ಬಾವಿಯ ಪಕ್ಕದ ಅದೇ ಮರಕ್ಕೆ ವರ್ಷ ವರ್ಷ ಬರುತ್ತದೆ. ಒಣಗಿದ ಗೂಡನ್ನು ಕಿತ್ತು ತಂದು ಮನೆಯಲ್ಲಿ ತೂಗುಹಾಕಿದರೆ ಅದಕ್ಕೆ ಅಷ್ಟೇನೂ ನಷ್ಟವಿಲ್ಲ. ಆ ಈಚಲು ಮರ ಕಡಿದರೆ, ಬಾವಿ ಮುಚ್ಚಿದರೆ ನಷ್ಟ.

ಹಳೆ ಗೂಡನ್ನು ಯಾಕೆ ಬಿಡುತ್ತವೆ?

ಮತ್ತೆ ಕಟ್ಟುವುದು ಕಷ್ಟದ ಕೆಲಸ. ಇದ್ದದ್ದನ್ನೇ ಬಳಸಿದರೆ ಶ್ರಮ ಉಳಿಯುತ್ತದೆ. ಆದರೂ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಹೊಸದನ್ನೇ ಕಟ್ಟುತ್ತವೆ. ಅದಕ್ಕೆ ಎರಡು ಮೂರು ಕಾರಣ.

ಮೊದಲನೆಯದು, ಗೂಡು ಬಾಳಿಕೆ ಬರುವುದಿಲ್ಲ. ಸೂರಕ್ಕಿ ಜೇಡರ ಬಲೆಯಿಂದ ನಾರು, ತೊಗಟೆ, ಒಣ ಎಲೆ ಅಂಟಿಸಿ ಚೀಲದಂಥ ಗೂಡು ಮಾಡುತ್ತದೆ. ಸಿಂಪಿಗ ಹಸಿ ಎಲೆಯ ಅಂಚಿನಲ್ಲಿ ತೂತು ಮಾಡಿ, ಹತ್ತಿ ಮತ್ತು ಬಲೆಯ ಎಳೆಯಿಂದ ಹೊಲಿಯುತ್ತದೆ. ಎಲೆ ಉದುರಿದರೆ ಗೂಡೂ ಹೋಯಿತು. ಒಂದು ಮುಂಗಾರು ಇವುಗಳನ್ನು ಕರಗಿಸಿಬಿಡುತ್ತದೆ.

ಎರಡನೆಯದು ಹುಳ. ಮರಿ ಬೆಳೆದ ಗೂಡಿನಲ್ಲಿ ಉಣ್ಣೆಹುಳ, ಚಿಗಟ, ಹೇನು, ನೊಣದ ಮರಿಹುಳ ಸೇರಿಕೊಂಡಿರುತ್ತವೆ. ಇವು ಹೊಸ ಮರಿಗಳ ರಕ್ತ ಹೀರುತ್ತವೆ. ಅಮೆರಿಕದ ನೆಬ್ರಾಸ್ಕಾದಲ್ಲಿ, ಸೇತುವೆ ಮತ್ತು ಬಂಡೆಗಳಿಗೆ ಮಣ್ಣಿನ ಉಂಡೆ ಅಂಟಿಸಿ ಗೂಡು ಮಾಡುವ ಅಂಬರಗುಬ್ಬಿಗಳ ಮೇಲೆ ದಶಕಗಳ ಕಾಲ ಅಧ್ಯಯನ ನಡೆದಿದೆ. ಸಂಶೋಧಕರು ಕೆಲವು ಗೂಡುಗಳಿಗೆ ಹುಳ ಸಾಯುವ ಮದ್ದು ಹೊಡೆದರು, ಕೆಲವನ್ನು ಹಾಗೇ ಬಿಟ್ಟರು. ಮದ್ದು ಹೊಡೆದ ಗೂಡಿನ ಮರಿಗಳು ಜಾಸ್ತಿ ತೂಕ ಬಂದವು, ಜಾಸ್ತಿ ಉಳಿದವು. ಹುಳ ವಿಪರೀತ ಆದಾಗ ಇಡೀ ಹಿಂಡೇ ಆ ಜಾಗ ಬಿಟ್ಟು ಹೋಗುವುದೂ ಕಂಡಿತು.

ಮೂರನೆಯದು, ಶತ್ರುವಿಗೆ ಜಾಗ ಗೊತ್ತಾಗಿರುತ್ತದೆ. ಒಮ್ಮೆ ಮೊಟ್ಟೆ ತಿಂದ ಕಾಗೆ ಅಲ್ಲಿಗೇ ಮತ್ತೆ ಬರುತ್ತದೆ.

ಹುಳದ ಕಾಟಕ್ಕೆ ಹಕ್ಕಿಗಳು ತಮ್ಮದೇ ಮದ್ದು ಕಂಡುಕೊಂಡಿವೆ. ಕೆಲವು ಹಕ್ಕಿಗಳು ಘಾಟು ವಾಸನೆಯ ಹಸಿ ಎಲೆಗಳನ್ನು ಗೂಡಿಗೆ ತರುತ್ತವೆ. ಕೋಲ್ಕತ್ತಾದಲ್ಲಿ ಗುಬ್ಬಚ್ಚಿಗಳು ಬೇವಿನ ಎಲೆ ಹಾಸುವುದು ದಾಖಲಾಗಿದೆ. ಮೆಕ್ಸಿಕೋ ನಗರದಲ್ಲಿ ಗುಬ್ಬಚ್ಚಿಗಳು ಸೇದಿ ಎಸೆದ ಸಿಗರೇಟಿನ ತುಂಡು ತಂದು ಗೂಡಿಗೆ ಹೆಣೆಯುತ್ತವೆ. ತುಂಡು ಜಾಸ್ತಿ ಇದ್ದಷ್ಟೂ ಉಣ್ಣೆಹುಳ ಕಡಿಮೆ ಇತ್ತು. ಆದರೆ ಅದರ ವಿಷ ಮರಿಗಳ ರಕ್ತಕಣಕ್ಕೂ ಹಾನಿ ಮಾಡುತ್ತದೆ ಎಂದು ಅದೇ ಸಂಶೋಧಕರು ಮುಂದೆ ಕಂಡರು.

ಕಡ್ಡಿಯ ಗೂಡು, ವರ್ಷಗಳ ನಂಟು

ಈಗ ದೊಡ್ಡ ಹಕ್ಕಿಗಳ ಕಡೆ ಬರೋಣ. ಇಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತದೆ.

ಹದ್ದು, ಗರುಡ, ಕೊಕ್ಕರೆಗಳ ಗೂಡು ಗಟ್ಟಿ ಕಡ್ಡಿಗಳ ಅಟ್ಟ. ಕಡ್ಡಿ ಬೇಗ ಕೊಳೆಯುವುದಿಲ್ಲ. ದೊಡ್ಡ ಹಕ್ಕಿಯ ಭಾರ ತಡೆಯುವ, ಹಾರಿ ಬಂದು ಇಳಿಯಲು ಜಾಗವಿರುವ ಕೊಂಬೆ ಎಲ್ಲ ಮರದಲ್ಲೂ ಇರುವುದಿಲ್ಲ. ಹಾಗಾಗಿ ಸಿಕ್ಕ ಜಾಗ ಬಿಡಲು ಅವು ಒಪ್ಪುವುದಿಲ್ಲ. ನಮ್ಮ ಕರಾವಳಿಯ ಬಿಳಿ ಹೊಟ್ಟೆಯ ಕಡಲ ಹದ್ದು ಹಳೆ ಗೂಡಿಗೇ ಪ್ರತಿ ವರ್ಷ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ಅಮೆರಿಕದ ಬೋಳು ಹದ್ದಿನ ಒಂದು ಗೂಡನ್ನು 1963ರಲ್ಲಿ ಫ್ಲಾರಿಡಾದಲ್ಲಿ ಅಳೆದಾಗ ಸುಮಾರು 6 ಮೀಟರ್ ಆಳ, 3 ಮೀಟರ್‌ಗೆ ಹತ್ತಿರದ ಅಗಲ ಇತ್ತು, ತೂಕ 2 ಟನ್ ಮೀರಿತ್ತು. ಗ್ರೀನ್‌ಲ್ಯಾಂಡಿನ ಬಂಡೆಗಳಲ್ಲಿ ಗಿಡುಗಗಳು ಕೂರುವ ಒಂದು ಜಾಗದಲ್ಲಿ ಹಿಕ್ಕೆಯ ಪದರಗಳ ವಯಸ್ಸು ಲೆಕ್ಕ ಹಾಕಿದರೆ ಸುಮಾರು 2,500 ವರ್ಷ ಬಂತು. ತಲೆಮಾರಿನ ಮೇಲೆ ತಲೆಮಾರು ಒಂದೇ ಜಾಗ.

ನಮ್ಮಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಊರಿಗೆ ಬಂದು, ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮರಿ ಬೆಳೆಸಿ, ಮುಂಗಾರಿನ ಹೊತ್ತಿಗೆ ಹೋಗುತ್ತವೆ. ಪ್ಲೇಗ್ ಕಾಲದಲ್ಲಿ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರಿನವರು ಹೇಳುತ್ತಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು.

ಇಲ್ಲಿ ಹಳೆ ಗೂಡಿನ ಅಟ್ಟ ಉಳಿದಿದ್ದರೆ ಹಕ್ಕಿಗಳು ಅದನ್ನೇ ರಿಪೇರಿ ಮಾಡುತ್ತವೆ. ಉಳಿಯದಿದ್ದರೆ ಹೊಸದು. ಮೊದಲು ಬಂದವು ಪಕ್ಕದ ಹಳೆ ಗೂಡಿನ ಕಡ್ಡಿ ಕದಿಯುವುದೂ ಉಂಟು. ಗೂಡು ಹೋದರೂ ಅವು ಬರುತ್ತವೆ. ಅವು ನಂಬಿಕೊಂಡಿರುವುದು ಆ ಊರನ್ನು, ಆ ಮರಗಳನ್ನು, ಸುತ್ತಲಿನ ಕೆರೆ ಮತ್ತು ಶಿಂಷಾ ನದಿಯ ಮೀನನ್ನು. ಆಗಸ್ಟ್‌ನಲ್ಲಿ ಆ ಹುಣಸೆ ಮರ ನೋಡಿದವರು "ಒಂದೂ ಹಕ್ಕಿ ಇಲ್ಲ" ಎಂದು ಬರೆದುಕೊಟ್ಟರೆ ಅದು ಸುಳ್ಳಲ್ಲ. ಆದರೆ ಆ ಮಾತು ನಂಬಿ ಮರ ಕಡಿದರೆ, ಡಿಸೆಂಬರ್‌ನಲ್ಲಿ ಬಂದ ಹಕ್ಕಿಗೆ ಇಳಿಯಲು ಜಾಗ ಇರುವುದಿಲ್ಲ.

ಆಗ ಏನಾಗುತ್ತದೆ? ಪಕ್ಕದ ಮರಗಳಲ್ಲಿ ಒತ್ತೊತ್ತಾಗಿ ಕೂರುತ್ತವೆ. ಜಗಳ ಹೆಚ್ಚುತ್ತದೆ. ಜಾಗ ಸಿಗದ ಜೋಡಿ ತಡವಾಗಿ ಮೊಟ್ಟೆ ಇಡುತ್ತದೆ ಅಥವಾ ಆ ವರ್ಷ ಇಡುವುದೇ ಇಲ್ಲ. ಇಕ್ಕಟ್ಟಿನಲ್ಲಿ ರೋಗ, ಹುಳ ಹರಡುವುದು ಸುಲಭ. 2017ರ ಕೊನೆ ಮತ್ತು 2018ರ ಮೊದಲ ತಿಂಗಳುಗಳಲ್ಲಿ ಇದೇ ಊರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಹೊಟ್ಟೆಯ ದುಂಡುಹುಳ ಕಾರಣ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಆ ಸಾವಿಗೆ ಮರ ಕಡಿದದ್ದು ಕಾರಣವಲ್ಲ, ಹುಳ ಬಂದದ್ದು ತಿಂದ ಮೀನಿನಿಂದ. ಆದರೆ ಎಲ್ಲ ಹಕ್ಕಿಗಳೂ ಕೆಲವೇ ಮರ, ಕೆಲವೇ ಕೆರೆಗಳಿಗೆ ಅಂಟಿಕೊಂಡಾಗ ಒಂದು ಪೆಟ್ಟು ಎಷ್ಟು ಜೋರಾಗಿ ಬೀಳುತ್ತದೆ ಎಂಬುದನ್ನು ಅದು ತೋರಿಸಿತು.

ಪೊಟರೆ ಎಂಬ ಆಸ್ತಿ

ಮರ ಕಡಿಯುವ ಚರ್ಚೆಯಲ್ಲಿ ಯಾರೂ ಹೆಚ್ಚು ಮಾತಾಡದ ಗುಂಪು ಒಂದಿದೆ. ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ನಷ್ಟ ಅದಕ್ಕೇ. ಪೊಟರೆಯಲ್ಲಿ ಮೊಟ್ಟೆ ಇಡುವ ಹಕ್ಕಿಗಳು. ಕೆಳಗೆ ನಿಂತವರಿಗೆ ಇವುಗಳ ಗೂಡು ಕಾಣುವುದೇ ಇಲ್ಲ. ಕಾಣುವುದು ಒಂದು ತೂತು ಮಾತ್ರ.

ಪೊಟರೆ ಕೊರೆಯಬಲ್ಲ ಹಕ್ಕಿಗಳು ಕೆಲವೇ. ಮರಕುಟಿಗ ಮತ್ತು ಕುಟ್ರ. ಕುಟ್ರ ಹಕ್ಕಿಯ ಕೊಕ್ಕು ಮರಕುಟಿಗನಷ್ಟು ಗಟ್ಟಿಯಲ್ಲ. ಅದು ಆರಿಸುವುದು ಒಣಗಿದ, ಸ್ವಲ್ಪ ಮೆತ್ತಗಾದ ಕೊಂಬೆ. ಗಂಡು ಹೆಣ್ಣು ಸರದಿಯಲ್ಲಿ ದಿನಗಟ್ಟಲೆ ಕೊರೆಯುತ್ತವೆ. ಅವು ಬಿಟ್ಟ ಮೇಲೆ ಅದೇ ತೂತಿಗೆ ಗೊರವಂಕ ಬರುತ್ತದೆ, ಗಿಳಿ ಬಾಯಿ ದೊಡ್ಡದು ಮಾಡಿಕೊಂಡು ಸೇರುತ್ತದೆ, ಮಡಿವಾಳ ಹಕ್ಕಿ ಬರುತ್ತದೆ, ಸಣ್ಣ ಗೂಬೆ ಬರುತ್ತದೆ. ಇವು ಯಾವುವೂ ತಾವಾಗಿ ಪೊಟರೆ ಕೊರೆಯಲಾರವು. ಒಂದು ಕುಟ್ರ ಜೋಡಿಯ ಕೆಲಸ ವರ್ಷಗಟ್ಟಲೆ ಬೇರೆ ಬೇರೆ ಸಂಸಾರಗಳನ್ನು ಸಾಕುತ್ತದೆ.

ಈಗ ಕೊಂಬೆ ಕಡಿಯುವ ಕೆಲಸಕ್ಕೆ ವಾಪಸು ಬರೋಣ. ಮಳೆಗಾಲಕ್ಕೆ ಮುಂಚೆ ಮೊದಲು ಕಡಿಯುವುದು ಯಾವ ಕೊಂಬೆಯನ್ನು? ಒಣಗಿದ್ದನ್ನು. ಸುರಕ್ಷತೆಯ ಕಣ್ಣಲ್ಲಿ ಅದು ಸರಿ, ಬೀಳುವುದೇ ಅದು. ಆದರೆ ಕುಟ್ರಕ್ಕೆ ಬೇಕಾದದ್ದೂ ಅದೇ. ಕಡಿಯುವ ತಿಂಗಳೂ ಅದರ ಮರಿಗಳ ತಿಂಗಳೇ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಇಬ್ಬರಿಗೂ ಬೇಕಾದ ಕೊಂಬೆ ಒಂದೇ ಆಗಿದೆ, ಅಷ್ಟೇ.

ಕಾಡಿನಲ್ಲಿ ಇದರ ದೊಡ್ಡ ರೂಪ ಮಂಗಟ್ಟೆ (ಹಾರ್ನ್‌ಬಿಲ್). ಪಶ್ಚಿಮ ಘಟ್ಟದ ಮಂಗಟ್ಟೆಗಳು ದೊಡ್ಡ ಮರದ ಸಹಜ ಪೊಟರೆಯನ್ನೇ ನಂಬಿವೆ. ಹೆಣ್ಣು ಒಳಗೆ ಹೋಗಿ ಹಿಕ್ಕೆ, ಹಣ್ಣಿನ ತಿರುಳಿನಿಂದ ಬಾಯಿ ಮುಚ್ಚುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ಮೂರು ನಾಲ್ಕು ತಿಂಗಳು ನಡೆಯುವ ಈ ಸಂಸಾರಕ್ಕೆ ಅನ್ನ ತರುವುದು ಗಂಡು. ಒಳ್ಳೆ ಪೊಟರೆಗೆ ಜೋಡಿ ವರ್ಷ ವರ್ಷ ಮರಳುತ್ತದೆ. ಕೊಂಬೆ ಮುರಿದು, ಶಿಲೀಂಧ್ರ ಹಿಡಿದು, ಒಳಗೆ ಟೊಳ್ಳಾಗಿ ಅಂಥ ಪೊಟರೆ ಆಗಲು ದಶಕಗಳು ಬೇಕು. ದಾಂಡೇಲಿ ಸೀಮೆಯಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಮೀಸಲು ಮಾಡಿದ್ದರ ಹಿಂದೆ ಈ ಕಾರಣವೂ ಇದೆ.

ಇಂಥ ಮರ ಹೋದರೆ ನಷ್ಟ ಕೂಡಲೇ ಕಾಣುವುದಿಲ್ಲ. ಮಂಗಟ್ಟೆ, ಗಿಳಿಗಳು ಬಹುಕಾಲ ಬದುಕುತ್ತವೆ. ಮರ ಕಡಿದ ಐದು ವರ್ಷದ ಮೇಲೂ ಹಾರಾಡುವ ಹಕ್ಕಿಗಳು ಕಾಣುತ್ತವೆ. "ನೋಡಿ, ಹಕ್ಕಿ ಎಲ್ಲೂ ಹೋಗಿಲ್ಲ" ಎನ್ನಬಹುದು. ಮರಿಗಳಾಗುವುದು ಮಾತ್ರ ನಿಂತಿರುತ್ತದೆ. ಮುದಿ ಹಕ್ಕಿಗಳು ಸಾಯತೊಡಗಿದಾಗ ಸಂಖ್ಯೆ ಒಮ್ಮೆಲೇ ಕುಸಿಯುತ್ತದೆ. ಆಗ ಕಾರಣ ಹುಡುಕುವವರಿಗೆ ಹತ್ತಾರು ವರ್ಷದ ಹಿಂದೆ ಕಡಿದ ಮರ ನೆನಪಾಗುವುದು ಕಷ್ಟ.

ಪ್ಲಾಸ್ಟಿಕ್ ತಂದ ಬದಲಾವಣೆ

ನಗರ ಈ ನಿಯಮಗಳನ್ನೂ ಬದಲಿಸುತ್ತಿದೆ. ಕಡ್ಡಿ ಸಿಗದ ಕಡೆ ಕಾಗೆಗಳು ಕಬ್ಬಿಣದ ತಂತಿಯಿಂದ ಗೂಡು ಮಾಡುತ್ತವೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಲ್ಲಿ ನಾಮದ ಕೋಳಿ ಎಂಬ ನೀರುಹಕ್ಕಿಯ ಗೂಡುಗಳನ್ನು ಬಿಡಿಸಿ ನೋಡಿದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ವಿವರ ಬೆರಗು ಹುಟ್ಟಿಸುತ್ತದೆ. ನೀರುಗಿಡಗಳಿಂದ ಮಾಡಿದ ಗೂಡು ಒಂದೇ ವರ್ಷದಲ್ಲಿ ಕೊಳೆಯಬೇಕು. ಪ್ಲಾಸ್ಟಿಕ್ ಸೇರಿದ್ದರಿಂದ ಒಂದು ಗೂಡು ಮೂವತ್ತು ವರ್ಷಗಳಷ್ಟು ಕಾಲ ಪದರ ಪದರವಾಗಿ ಉಳಿದಿತ್ತು. ಮೇಲಿನ ಪದರದಲ್ಲಿ ಕೋವಿಡ್ ಕಾಲದ ಮಾಸ್ಕ್, ತಳದ ಕಡೆ 1994ರ ಫುಟ್‌ಬಾಲ್ ವಿಶ್ವಕಪ್‌ನ ಜಾಹೀರಾತಿದ್ದ ಚಾಕೊಲೇಟ್ ಹೊದಿಕೆ. ಒಂದು ವರ್ಷದ ಗೂಡು ಈಗ ಹಲವು ವರ್ಷದ ಗೂಡಾಗಿದೆ. ಕಟ್ಟುವ ಶ್ರಮ ಉಳಿಯಬಹುದು, ಆದರೆ ದಾರ ಕಾಲಿಗೆ ಸುತ್ತಿ ಮರಿ ಸಾಯುವ ಅಪಾಯವೂ ಜೊತೆಗೇ ಬರುತ್ತದೆ.

ಕಾಯ್ದೆ ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು, ಹಿಡಿಯುವುದು ಮಾತ್ರ ಅಲ್ಲ. ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ಬೇಟೆಯೇ. ಇಲ್ಲಿ ಕಾಡುಹಕ್ಕಿ ಎಂದರೆ ಕಾಡಿನಲ್ಲಿರುವ ಹಕ್ಕಿ ಮಾತ್ರ ಎಂದಲ್ಲ. ಊರಿನ ಮರದಲ್ಲಿ ಕೂತ ಕುಟ್ರ, ಗಿಳಿಗಳೂ ಸೇರುತ್ತವೆ. ಕಾಯ್ದೆಯ ಪಟ್ಟಿಯಲ್ಲಿರುವ ಹಕ್ಕಿಯಾದರೆ ಶಿಕ್ಷೆ ಉಂಟು. 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದು ಪಟ್ಟಿಗಳು ಬದಲಾಗಿವೆ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮೊದಲ ಪಟ್ಟಿಯ ಪ್ರಾಣಿಪಕ್ಷಿಗಳಾದರೆ ಇನ್ನೂ ಜಾಸ್ತಿ.

ಹಾಗಾದರೆ "ಗೂಡು ಮುಟ್ಟಿದರೂ ಜೈಲು" ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಗೂಡು ಎಂದರೆ ಏನು ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ. ಮೊಟ್ಟೆ ಇರುವ ಗೂಡೇ? ಕಟ್ಟುತ್ತಿರುವ ಗೂಡೇ? ಹೋದ ವರ್ಷದ ಗೂಡೇ? ಮಂಗಟ್ಟೆ ವರ್ಷಕ್ಕೆ ಕೆಲವೇ ತಿಂಗಳು ಬಳಸುವ ಪೊಟರೆಯೇ? ಜಗಳ ಹುಟ್ಟುವುದು ಇಲ್ಲೇ.

ಇನ್ನೊಂದು ತೊಡಕು, ಕಾಯ್ದೆಗಳು ಎರಡು. ಊರಿನ ಮರ ಕಡಿಯಲು ಅನುಮತಿ ಸಿಗುವುದು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ, ವೃಕ್ಷಾಧಿಕಾರಿಯಿಂದ. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಜನರ ಆಕ್ಷೇಪಣೆ ಕೇಳಬೇಕು ಎಂದೂ ಇದೆ. ಗೂಡಿನ ರಕ್ಷಣೆ ಬರುವುದು ಕೇಂದ್ರದ ವನ್ಯಜೀವಿ ಕಾಯ್ದೆಯಿಂದ. ಒಂದರಲ್ಲಿ ಅನುಮತಿ ಸಿಕ್ಕಿತೆಂದು ಇನ್ನೊಂದು ರದ್ದಾಗುವುದಿಲ್ಲ. "ನಮಗೆ ಅನುಮತಿ ಇತ್ತು" ಎನ್ನುವ ಗುತ್ತಿಗೆದಾರ, "ಇದು ಅಪರಾಧ" ಎನ್ನುವ ಪಕ್ಷಿಪ್ರೇಮಿ ಇಬ್ಬರೂ ಒಂದೇ ಹೊತ್ತಿಗೆ ಸರಿ ಇರಬಹುದು.

ಎರಡೂ ಕಡೆಯ ವಾದ

ವಿದ್ಯುತ್, ರಸ್ತೆ, ನಗರಪಾಲಿಕೆಯ ಕೆಲಸದವರ ಮಾತಿನಲ್ಲಿ ತೂಕ ಇದೆ. ಮೊದಲ ಮಳೆಗೆ ಕೊಂಬೆ ಬಿದ್ದು ಜನ ಸಾಯುತ್ತಾರೆ. ಆಗ ಇದೇ ಸಾರ್ವಜನಿಕರು "ಮೊದಲೇ ಯಾಕೆ ಕಡಿಯಲಿಲ್ಲ" ಎಂದು ಕೇಳುತ್ತಾರೆ. ಪ್ರತಿ ಮರ ಹತ್ತಿ ಗೂಡು ಹುಡುಕಲು ಆಳಿಲ್ಲ, ಸಮಯವೂ ಇಲ್ಲ.

ಪಕ್ಷಿ ಉಳಿಸುವವರಲ್ಲಿ ಹಲವರ ಬೇಡಿಕೆ, ಹಕ್ಕಿಗಳು ಮರಿ ಮಾಡುವ ತಿಂಗಳಲ್ಲಿ ಕೊಡಲಿಯನ್ನೇ ಎತ್ತಬೇಡಿ ಎಂಬುದು. ಕೇಳಲು ಸರಿಯಾಗಿದೆ. ಆದರೆ ನಮ್ಮಲ್ಲಿ ಯುರೋಪಿನ ಹಾಗೆ ಒಂದೇ ವಸಂತ ಇಲ್ಲ. ಹದ್ದುಗಳು ಜನವರಿ, ಫೆಬ್ರವರಿಯಲ್ಲಿ ಗೂಡಿನಲ್ಲಿರುತ್ತವೆ. ಕುಟ್ರ, ಗೊರವಂಕಗಳದ್ದು ಬೇಸಿಗೆ. ಕಾಗೆ, ಅದರ ಗೂಡಿನಲ್ಲಿ ಮೊಟ್ಟೆ ಇಡುವ ಕೋಗಿಲೆಯದ್ದು ಬೇಸಿಗೆಯಿಂದ ಮಳೆಗಾಲದವರೆಗೆ. ಗೀಜಗ ಮಳೆ ಬಿದ್ದ ಮೇಲೆ. ಸೂರಕ್ಕಿ ಹೆಚ್ಚು ಕಡಿಮೆ ವರ್ಷವಿಡೀ. ಯಾವ ತಿಂಗಳು ನಿಷೇಧಿಸಿದರೂ ಯಾರದೋ ಮರಿ ಬೀಳುತ್ತದೆ. ಆದರೂ ದೊಡ್ಡ ಕಡಿತವನ್ನು ಮಳೆಗಾಲ ಮುಗಿದ ಮೇಲಿನ ತಿಂಗಳುಗಳಿಗೆ ಸರಿಸಿದರೆ, ಅಕ್ಟೋಬರ್, ನವೆಂಬರ್ ಹೊತ್ತಿಗೆ, ಊರಿನ ಬಹುತೇಕ ಹಕ್ಕಿಗಳ ಮರಿ ಉಳಿಯುತ್ತವೆ. ಮುಂದಿನ ಮಳೆಗೆ ಮುಂಚೆಯೇ ಅಪಾಯದ ಕೊಂಬೆಯೂ ಹೋಗಿರುತ್ತದೆ. ಇದಕ್ಕೆ ಬೇಕಾದದ್ದು ಹೊಸ ಕಾಯ್ದೆಯಲ್ಲ, ಟೆಂಡರ್ ಕರೆಯುವ ತಿಂಗಳು ಬದಲಾಗಬೇಕು.

ಮೂರನೆಯ ಗುಂಪು ಬದಲಿ ಕೊಡೋಣ ಎನ್ನುತ್ತದೆ. ಒಂದು ಮರಕ್ಕೆ ಹತ್ತು ಸಸಿ, ಮರದ ಸ್ಥಳಾಂತರ, ಕೃತಕ ಗೂಡಿನ ಪೆಟ್ಟಿಗೆ. ಹತ್ತು ಸಸಿಗಳಲ್ಲಿ ಒಂದರಲ್ಲೂ ಇನ್ನು ಮೂವತ್ತು ವರ್ಷ ಪೊಟರೆ ಇರುವುದಿಲ್ಲ. ಸ್ಥಳಾಂತರ ಮಾಡುವಾಗ ಮೊದಲು ಕೊಂಬೆಗಳನ್ನೇ ಸವರುತ್ತಾರೆ, ಗೂಡು ಅಲ್ಲೇ ಹೋಯಿತು. ಪೆಟ್ಟಿಗೆ ಕೆಲವಕ್ಕೆ ನಿಜಕ್ಕೂ ಒಗ್ಗುತ್ತದೆ. ಗುಬ್ಬಚ್ಚಿ, ಮಡಿವಾಳ, ಗೊರವಂಕ ಬರುತ್ತವೆ. ಸಿಂಗಪುರದಲ್ಲಿ ಒಂದು ಜಾತಿಯ ಮಂಗಟ್ಟೆ ಮತ್ತೆ ಹೆಚ್ಚಲು ದೊಡ್ಡ ಪೆಟ್ಟಿಗೆಗಳು ನೆರವಾದವು. ಆದರೆ ತಾನೇ ಕೊರೆಯುವ ಕುಟ್ರಕ್ಕೆ, ಅಟ್ಟ ಕಟ್ಟುವ ಹದ್ದಿಗೆ, ತೂಗುವ ಗೀಜಗನಿಗೆ ಪೆಟ್ಟಿಗೆಯಿಂದ ಏನೂ ಉಪಯೋಗವಿಲ್ಲ.

ಬೇರೆ ದೇಶಗಳು ಬಿಡಿಸಿದ ಬಗೆ

ಅಮೆರಿಕದಲ್ಲಿ ಸಾಮಾನ್ಯ ಹಕ್ಕಿಯ ಗೂಡಿನಲ್ಲಿ ಮೊಟ್ಟೆ, ಮರಿ ಇಲ್ಲದಿದ್ದರೆ ತೆಗೆಯಬಹುದು. ಹದ್ದಿನ ಗೂಡನ್ನು ಮಾತ್ರ ವಿಶೇಷ ಅನುಮತಿ ಇಲ್ಲದೆ ಯಾವ ಕಾಲದಲ್ಲೂ ಮುಟ್ಟುವಂತಿಲ್ಲ. ಬ್ರಿಟನ್ನಿನಲ್ಲೂ ಹೀಗೇ. ಬಳಕೆಯಲ್ಲಿರುವ ಗೂಡಿಗೆ ರಕ್ಷಣೆ, ಜೊತೆಗೆ ಹಳೆ ಗೂಡಿಗೇ ಮರಳುವ ಕೆಲವು ಹದ್ದುಗಳ ಗೂಡಿಗೆ ವರ್ಷವಿಡೀ ರಕ್ಷಣೆ.

ಕೆನಡಾ ಒಂದು ಹೆಜ್ಜೆ ಮುಂದೆ ಹೋಗಿದೆ. 2022ರ ನಿಯಮಗಳಲ್ಲಿ ಅದು ಗೂಡನ್ನು ಮತ್ತೆ ಬಳಸುವ 18 ಜಾತಿಗಳ ಪಟ್ಟಿ ಮಾಡಿತು. ಅವುಗಳ ಗೂಡು ಖಾಲಿ ಕಂಡರೂ ತೆಗೆಯುವಂತಿಲ್ಲ. ಸರ್ಕಾರಕ್ಕೆ ತಿಳಿಸಿ, ಗೊತ್ತುಪಡಿಸಿದಷ್ಟು ಕಾಲ ಕಾಯಬೇಕು. ದೊಡ್ಡ ಮರಕುಟಿಗದ ಪೊಟರೆಗೆ 36 ತಿಂಗಳು, ಬಕಗಳ ಗೂಡಿಗೆ 24 ತಿಂಗಳು. ಅಷ್ಟು ಕಾಲ ಯಾವ ಹಕ್ಕಿಯೂ ಬರದಿದ್ದರೆ ಮಾತ್ರ ಬಿಟ್ಟುಹೋದ ಗೂಡು ಎಂದು ಲೆಕ್ಕ. ಮರಕುಟಿಗಕ್ಕೆ ಹೆಚ್ಚು ಕಾಲ ಯಾಕೆಂದರೆ ಅದರ ಪೊಟರೆಯನ್ನು ಬೇರೆ ಜೀವಿಗಳೂ ನಂಬಿಕೊಂಡಿವೆ. ಮೊಟ್ಟೆ ಇದೆಯೋ ಇಲ್ಲವೋ ಎಂದಷ್ಟೇ ಕೇಳದೆ, ಯಾವ ಹಕ್ಕಿ, ಅದು ಯಾವುದಕ್ಕೆ ಮರಳುತ್ತದೆ ಎಂದು ಕೇಳಿದ್ದೇ ಇದರ ಬಲ. ನಮ್ಮ ಕಾಯ್ದೆಯ ಮಾತು ಕೆನಡಾಕ್ಕಿಂತ ಬಿಗಿ ಇದೆ, ಬಿಡಿಸಿ ಹೇಳದ್ದರಿಂದ ಜಾರಿ ಮಾತ್ರ ಸಡಿಲ.

ಬಾಲ್ಕನಿಯ ಪಾರಿವಾಳ

ಪಾರಿವಾಳದ ವಿಷಯ ತಿರುಗುಮುರುಗು. ಅದು ಬಂಡೆಗಳ ಸಂದಿಯಲ್ಲಿ ಗೂಡು ಮಾಡುತ್ತಿದ್ದ ಹಕ್ಕಿ. ಅಪಾರ್ಟ್‌ಮೆಂಟಿನ ಏಸಿ ಪೆಟ್ಟಿಗೆ, ಸಜ್ಜಾ, ಬಾಲ್ಕನಿ ಅದಕ್ಕೆ ಮುಗಿಯದ ಬಂಡೆಸಾಲು. ಗೂಡು ಎಂದರೆ ನಾಲ್ಕು ಕಡ್ಡಿ. ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ, ಹಿಕ್ಕೆಯೇ ಗಟ್ಟಿಯಾಗಿ ಗೂಡಿನ ಭಾಗವಾಗುತ್ತದೆ. ಆ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ದೊಡ್ಡ ತೊಂದರೆ ಮಾಡುತ್ತದೆ. 2025ರಲ್ಲಿ ಮುಂಬೈಯಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ಕಟ್ಟೆಗಳನ್ನು ಮುಚ್ಚಿದಾಗ ದೊಡ್ಡ ಗಲಾಟೆಯೇ ಆಯಿತು, ವಿಷಯ ಹೈಕೋರ್ಟಿಗೂ ಹೋಯಿತು.

ಇಲ್ಲಿ ಗೂಡನ್ನು ಪದೇ ಪದೇ ಕಿತ್ತೆಸೆಯುವುದು ಕೆಲಸಕ್ಕೆ ಬಾರದು. ಹಕ್ಕಿ ಮರಳುವುದು ಜಾಗಕ್ಕೆ, ಹಾಗಾಗಿ ಎರಡೇ ದಿನದಲ್ಲಿ ಮತ್ತೆ ಕಡ್ಡಿ ತರುತ್ತದೆ. ಮೊಟ್ಟೆ ಇದ್ದರೆ ಸುಮಾರು 18 ದಿನ ಕಾವು, ಆಮೇಲೆ ನಾಲ್ಕೈದು ವಾರಕ್ಕೆ ಮರಿ ಹಾರುತ್ತದೆ. ಅಷ್ಟು ದಿನ ಕಾಯಬೇಕು. ಮರಿ ಹೋದ ಕೂಡಲೇ, ಮುಂದಿನ ಮೊಟ್ಟೆ ಬೀಳುವ ಮುಂಚೆ, ಜಾಗ ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ತೊಳೆದು, ಬಲೆಯನ್ನು ಬಿಗಿಯಾಗಿ ಕಟ್ಟಬೇಕು. ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡು ಒದ್ದಾಡಿ ಸಾಯುತ್ತದೆ.

ಮುಂದೆ ಏನು?

ದೊಡ್ಡ ಖರ್ಚಿಲ್ಲದೆ ಆಗುವ ಕೆಲಸಗಳಿವೆ. ಮರ ಕಡಿಯುವ ಅರ್ಜಿಯಲ್ಲಿ ಜಾತಿ, ಸುತ್ತಳತೆ ಬರೆಯುವ ಜೊತೆ ಪೊಟರೆ ಇದೆಯೇ, ಹಳೆ ಕಡ್ಡಿಯ ಗೂಡು ಇದೆಯೇ, ಹಿಂದಿನ ವರ್ಷಗಳಲ್ಲಿ ನೀರುಹಕ್ಕಿಗಳು ಕೂತಿದ್ದವೇ ಎಂಬ ಮೂರು ಸಾಲು ಸೇರಿಸಬಹುದು. ಕೊನೆಯ ಪ್ರಶ್ನೆಗೆ ಉತ್ತರ ಕಡತದಲ್ಲಿ ಸಿಗುವುದಿಲ್ಲ, ಆ ಬೀದಿಯವರಿಗೆ ಗೊತ್ತಿರುತ್ತದೆ. ಒಣ ಕೊಂಬೆಯನ್ನು ಬುಡದವರೆಗೆ ಸವರದೆ, ಬಿದ್ದರೂ ಹಾನಿಯಾಗದಷ್ಟು ಉದ್ದದ ಮೋಟು ಬಿಟ್ಟರೆ ಕುಟ್ರಕ್ಕೆ ಜಾಗ ಉಳಿಯುತ್ತದೆ. ಬಸ್ ನಿಲ್ದಾಣ, ಶಾಲೆಯ ಮೇಲೆ ಬಾಗಿದ ಕೊಂಬೆಗೆ ಈ ರಿಯಾಯಿತಿ ಕೊಡಲಾಗದು, ಅದನ್ನು ಕಡಿಯಲೇಬೇಕು. ಆದರೆ ಪಾರ್ಕು, ಕೆರೆ ಏರಿ, ಕಾಲೇಜಿನ ಹಿತ್ತಲಲ್ಲಿ ಮೋಟು ಬಿಡಲು ಅಡ್ಡಿ ಏನೂ ಇಲ್ಲ.

ಕಷ್ಟದ ಪ್ರಶ್ನೆ ದುಡ್ಡಿನದು. ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಹಲವು ಖಾಸಗಿಯವರದ್ದು. ಹಕ್ಕಿ ಕೂತರೆ ಹುಣಸೆಹಣ್ಣು ಬಡಿಯುವಂತಿಲ್ಲ, ಹಿಕ್ಕೆಯಿಂದ ಕೊಂಬೆ ಸೊರಗುತ್ತದೆ. ಅದಕ್ಕೆ ಅರಣ್ಯ ಇಲಾಖೆ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಅರುಣಾಚಲದ ಪಕ್ಕೆ ಎಂಬ ಕಾಡಿನ ಅಂಚಿನಲ್ಲಿ ನಿಶಿ ಬುಡಕಟ್ಟಿನ ಜನ ಮಂಗಟ್ಟೆಯ ಗೂಡಿನ ಮರಗಳನ್ನು ಕಾಯುತ್ತಾರೆ. ಅದಕ್ಕೆ ಹಣ ಬರುವುದು ಊರಾಚೆಯ ಜನ ಒಂದೊಂದು ಗೂಡಿನ ಖರ್ಚು ವಹಿಸಿಕೊಳ್ಳುವುದರಿಂದ. ಎರಡೂ ಕಡೆ ಮರ ಉಳಿದದ್ದು ಕಾಯ್ದೆಯ ಹೆದರಿಕೆಯೊಂದರಿಂದಲೇ ಅಲ್ಲ. ಪರಿಹಾರದ ಮೊತ್ತ ಮರದ ನಾಟಾ ಬೆಲೆಗಿಂತ ತೀರಾ ಹಿಂದೆ ಬಿದ್ದರೆ, ಹಕ್ಕಿಗಳಿಲ್ಲದ ಯಾವುದೋ ತಿಂಗಳಲ್ಲಿ, ಯಾವ ಕಾಯ್ದೆಯನ್ನೂ ಮುರಿಯದ ಹಾಗೆ ಆ ಮರ ಮಾರಾಟವಾಗುತ್ತದೆ.